‘ಬರಲಿಲ್ಲ’, ‘ಬಂದಿಲ್ಲ’ ಮತ್ತು ಇಂಗ್ಲಿಷಿನ ಟೆನ್ಸ್‌ಗಳು

ಪ್ರಶ್ನೆ: ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ವಯಸ್ಸು ಮೂವತ್ತೆರಡು. ಕೆಲಸದಲ್ಲಿ ದಿನವೂ ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕು. ಹನ್ನೆರಡು ಟೆನ್ಸ್‌ಗಳ ಪಟ್ಟಿಯನ್ನು ಮೂರು ಸಲ ಬಾಯಿಪಾಠ ಮಾಡಿದ್ದೇನೆ, ಹೆಸರು ಕೇಳಿದರೆ ಒಂದೇ ಉಸಿರಿಗೆ ಹೇಳುತ್ತೇನೆ. ಬರೆಯಲು ಕೂತರೆ ಮಾತ್ರ ಯಾವುದನ್ನು ಎಲ್ಲಿ ಹಾಕಬೇಕೆಂದು ಹೊಳೆಯುವುದಿಲ್ಲ. ಮೊನ್ನೆ ಬರೆದ ಒಂದು ಮೇಲ್ ಹೀಗಿತ್ತು: ‘ಐ ಹ್ಯಾಡ್ ಸೆಂಟ್ ದ ರಿಪೋರ್ಟ್ ಯೆಸ್ಟರ್‌ಡೇ. ಐ ಡಿಡ್ ನಾಟ್ ಗಾಟ್ ಎನಿ ರಿಪ್ಲೈ. ಐ ಆಮ್ ವೇಟಿಂಗ್ ಸಿನ್ಸ್ ಮಾರ್ನಿಂಗ್. ಇಫ್ ಯು ವಿಲ್ ಸೆಂಡ್ ದ ನಂಬರ್ಸ್, ಐ ಫಿನಿಶ್ ಇಟ್ ಟುಡೇ.’ ಒಂದು ವಾಕ್ಯವೂ ಸರಿಯಿಲ್ಲ ಎಂದರು ಸಹೋದ್ಯೋಗಿ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ನಿಜ. ನಾಲ್ಕೂ ವಾಕ್ಯದಲ್ಲಿ ಕ್ರಿಯಾಪದ ತಪ್ಪಿದೆ. ಆದರೆ ಮೇಲನ್ನು ಓದಿದ ಕೂಡಲೇ ನನಗೆ ಅದರ ಹಿಂದಿನ ಕನ್ನಡ ಕೇಳಿಸಿತು: ‘ನಿನ್ನೆ ರಿಪೋರ್ಟ್ ಕಳಿಸಿದ್ದೆ. ಉತ್ತರ ಬರಲಿಲ್ಲ. ಬೆಳಿಗ್ಗೆಯಿಂದ ಕಾಯುತ್ತಿದ್ದೇನೆ. ನೀವು ಅಂಕಿಗಳನ್ನು ಕಳಿಸಿದರೆ ಇವತ್ತೇ ಮುಗಿಸುತ್ತೇನೆ.’ ಇದರಲ್ಲಿ ಒಂದಕ್ಷರ ತಿದ್ದಬೇಕಾಗಿಲ್ಲ, ಚೊಕ್ಕ ಕನ್ನಡ. ಅಂದರೆ ನಿಮ್ಮ ತಪ್ಪುಗಳು ಗೊತ್ತಿಲ್ಲದೆ ಎಲ್ಲೆಂದರಲ್ಲಿ ಆದವಲ್ಲ, ಒಂದೊಂದಕ್ಕೂ ಕಾರಣವಿದೆ. ಕಾರಣ ಕಂಡರೆ ತಿದ್ದುವುದು ಸುಲಭ. ಆದ್ದರಿಂದ ಹನ್ನೆರಡರ ಪಟ್ಟಿಯನ್ನು ಸದ್ಯಕ್ಕೆ ಮಡಿಚಿಡಿ, ನಿಮ್ಮ ಮೇಲನ್ನೇ ಪಾಠವಾಗಿ ಇಟ್ಟುಕೊಳ್ಳೋಣ.

ಮೊದಲು ಒಂದು ಗಂಟು ಬಿಡಿಸಬೇಕು. ಟೆನ್ಸ್ ಅಂದರೆ ಕಾಲ, ಕಾಲ ಅಂದರೆ ಗಡಿಯಾರದಲ್ಲಿರುವ ಸಮಯ ಎಂದು ನಮ್ಮ ತಲೆಯಲ್ಲಿ ಕೂತಿದೆ. ಒಳಗಿನಿಂದ ಯಾರೋ ಕರೆದರೆ ‘ಬಂದೆ, ಬಂದೆ’ ಅನ್ನುತ್ತೇವೆ. ನಾವಿನ್ನೂ ಕುರ್ಚಿಯಿಂದ ಎದ್ದೇ ಇರುವುದಿಲ್ಲ, ಆದರೂ ಬಾಯಲ್ಲಿ ಬಂದದ್ದು ಭೂತಕಾಲ. ‘ನಿಮಗೆ ಏನು ಬೇಕಿತ್ತು?’ ಎಂದು ಎದುರಿಗೆ ನಿಂತವರನ್ನು ಕೇಳುತ್ತೇವೆ. ಬೇಕಾಗಿರುವುದು ಈಗ, ಮಾತು ಮಾತ್ರ ಹಿಂದಿನದು, ಅದರಿಂದ ಕೇಳುವ ದನಿ ಮೃದುವಾಗುತ್ತದೆ. ಇಂಗ್ಲಿಷಿನವರೂ ಇದೇ ಕಾರಣಕ್ಕೆ ‘ಐ ವಾಂಟೆಡ್ ಟು ಆಸ್ಕ್ ಯು ಸಮ್‌ಥಿಂಗ್’ ಅನ್ನುತ್ತಾರೆ. ಕ್ರಿಯಾಪದದ ರೂಪ ಸಮಯವನ್ನಷ್ಟೇ ಹೇಳುವುದಿಲ್ಲ, ಮಾತಾಡುವವರು ಆ ಕೆಲಸವನ್ನು ಎಲ್ಲಿ ನಿಂತು ನೋಡುತ್ತಿದ್ದಾರೆ ಎಂಬುದನ್ನೂ ಹೇಳುತ್ತದೆ. ಕನ್ನಡದಲ್ಲಿ ಇದನ್ನು ನೀವು ದಿನವಿಡೀ ಯೋಚಿಸದೆ ಮಾಡುತ್ತೀರಿ.

ಇನ್ನೊಂದು ವಿಷಯ. ವ್ಯಾಕರಣವನ್ನು ಕಟ್ಟುನಿಟ್ಟಾಗಿ ನೋಡುವವರ ಪ್ರಕಾರ ಇಂಗ್ಲಿಷ್ ಕ್ರಿಯಾಪದ ತಾನಾಗಿ ರೂಪ ಬದಲಿಸಿ ತೋರಿಸುವ ಕಾಲಗಳು ಎರಡೇ: ‘ಗೋ’ ಮತ್ತು ‘ವೆಂಟ್’, ‘ವಾಕ್’ ಮತ್ತು ‘ವಾಕ್ಡ್’. ಭವಿಷ್ಯಕ್ಕೆಂದು ಪ್ರತ್ಯಯವೇ ಇಲ್ಲ. ‘ವಿಲ್’ ಎಂಬುದು ಹಿಂದೆ ‘ಬಯಸು’ ಎಂಬ ಅರ್ಥವಿದ್ದ ಬೇರೊಂದು ಕ್ರಿಯಾಪದ, ಪಕ್ಕಕ್ಕೆ ಬಂದು ನಿಂತಿದೆ, ಅಷ್ಟೆ. ಈ ಎರಡು ರೂಪಗಳ ಮೇಲೆ ಎರಡು ಜೋಡಣೆಗಳಿವೆ. ‘ಬಿ’ ಜೊತೆಗೆ ‘ಇಂಗ್’ ಸೇರಿದರೆ ಕೆಲಸ ನಡೆಯುತ್ತಿದೆ. ‘ಹ್ಯಾವ್’ ಜೊತೆಗೆ ಮೂರನೇ ರೂಪ ಸೇರಿದರೆ ಕೆಲಸ ಆಗಿದೆ. ಎರಡು ರೂಪ, ಎರಡು ಜೋಡಣೆ, ಒಂದು ‘ವಿಲ್’: ಹನ್ನೆರಡೂ ಮನೆಗಳು ಇಷ್ಟರಿಂದಲೇ ಕಟ್ಟಿದವು.

ಈ ಎರಡು ಜೋಡಣೆಗಳೂ ಕನ್ನಡದಲ್ಲಿವೆ. ‘ಬರುತ್ತ ಇದ್ದೇನೆ’ ಸೇರಿ ‘ಬರುತ್ತಿದ್ದೇನೆ’, ‘ಬಂದು ಇದ್ದೇನೆ’ ಸೇರಿ ‘ಬಂದಿದ್ದೇನೆ’. ನಾವು ಎರಡಕ್ಕೂ ‘ಇರು’ ಎಂಬ ಒಂದೇ ಧಾತುವನ್ನು ಬಳಸುತ್ತೇವೆ. ಇಂಗ್ಲಿಷ್ ಮೊದಲನೆಯದಕ್ಕೆ ‘ಬಿ’, ಎರಡನೆಯದಕ್ಕೆ ‘ಹ್ಯಾವ್’ ಹಾಕುತ್ತದೆ. ಕಲಿಯುವವರು ‘ಬಂದಿದ್ದೇನೆ’ ಎನ್ನಲು ‘ಐ ಆಮ್ ಕಮ್’ ಎನ್ನುವುದು ಇದರಿಂದಲೇ. 17ನೇ ಶತಮಾನದ ಇಂಗ್ಲಿಷಿನಲ್ಲಿ ‘ಐ ಆಮ್ ಕಮ್’ ಎಂದೇ ಬರೆಯುತ್ತಿದ್ದರು, ಆಗ ಅದು ಸರಿಯಾದ ರೂಪ. ಈಗ ಆ ಜಾಗವನ್ನು ‘ಹ್ಯಾವ್’ ಪೂರ್ತಿ ತೆಗೆದುಕೊಂಡಿದೆ.

ಈಗ ನಿಮ್ಮ ಎರಡನೇ ವಾಕ್ಯಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಅದೇ.

‘ಐ ಡಿಡ್ ನಾಟ್ ಗಾಟ್.’ ಈ ತಪ್ಪಿಗೆ ಕನ್ನಡವನ್ನು ದೂರುವಂತಿಲ್ಲ, ಕನ್ನಡ ನಿಮ್ಮನ್ನು ಕಾಪಾಡಬಹುದಿತ್ತು. ‘ಬಂದ’ ಎಂಬುದನ್ನು ನಿಷೇಧಿಸುವಾಗ ನಾವು ‘ಬರಲಿಲ್ಲ’ ಅನ್ನುತ್ತೇವೆ. ಎಳೆಯ ಮಗು ಕೂಡ ‘ಬಂದಲಿಲ್ಲ’ ಅನ್ನುವುದಿಲ್ಲ. ಭೂತಕಾಲವನ್ನು ‘ಲಿಲ್ಲ’ ಹೊತ್ತುಕೊಂಡಿತು, ‘ಬಾ’ ಹಗುರಾಯಿತು. ಇಂಗ್ಲಿಷಿನಲ್ಲಿ ಆ ಹೊರೆಯನ್ನು ‘ಡಿಡ್’ ಹೊರುತ್ತದೆ. ಹಾಗಾಗಿ ‘ಡಿಡ್ ನಾಟ್ ಗೆಟ್’, ‘ಡಿಡ್ ನಾಟ್ ಗೋ’. ಪ್ರಶ್ನೆಯಲ್ಲೂ ಇಷ್ಟೇ: ‘ಡಿಡ್ ಯು ಗೋ?’ ‘ಡಿಡ್ ನಾಟ್ ವೆಂಟ್’ ಎಂದು ಬಾಯಿಗೆ ಬಂದಾಗಲೆಲ್ಲ ‘ಹೋದಲಿಲ್ಲ’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳಿ. ಕಿವಿಯೇ ತಡೆಯುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದಿದೆ. ನಿಮ್ಮ ಪರಿಸ್ಥಿತಿಯಲ್ಲಿ ನೀವು ‘ಉತ್ತರ ಬರಲಿಲ್ಲ’ ಅನ್ನಬೇಕಿತ್ತೋ, ‘ಉತ್ತರ ಬಂದಿಲ್ಲ’ ಅನ್ನಬೇಕಿತ್ತೋ? ಎರಡನ್ನೂ ಮೆಲ್ಲಗೆ ಹೇಳಿ ನೋಡಿ. ‘ಬರಲಿಲ್ಲ’ ಅಂದರೆ ಆ ಅಧ್ಯಾಯ ಮುಗಿಯಿತು, ಕಾಯುವುದನ್ನು ಬಿಟ್ಟಾಯಿತು. ‘ಬಂದಿಲ್ಲ’ ಅಂದರೆ ಕಣ್ಣು ಇನ್ನೂ ಬಾಗಿಲ ಕಡೆಗಿದೆ, ಮುಂದಿನ ಗಳಿಗೆಯಲ್ಲಿ ಬಂದರೂ ಬರಬಹುದು. ಮೊದಲನೆಯದು ‘ಡಿಡ್ ನಾಟ್ ಕಮ್’. ಎರಡನೆಯದು ‘ಹ್ಯಾಸ್ ನಾಟ್ ಕಮ್’. ಪ್ರೆಸೆಂಟ್ ಪರ್ಫೆಕ್ಟ್ ಎಂದು ಕಲಿಯುವವರೆಲ್ಲ ಹೆದರುವ ರೂಪ ಇದೇ, ಇದಕ್ಕಿಂತ ಹೆಚ್ಚಿನ ಗುಟ್ಟು ಅದರಲ್ಲಿಲ್ಲ. ಆಗಿಹೋದ ಕೆಲಸದ ಒಂದು ತುದಿ ಈ ಗಳಿಗೆಗೆ ತಾಗಿಕೊಂಡಿದ್ದರೆ ‘ಹ್ಯಾವ್’. ನೀವು ಇನ್ನೂ ಕಾಯುತ್ತಿದ್ದಿರಿ, ಆದ್ದರಿಂದ ಇಲ್ಲಿ ಚೆನ್ನಾಗಿ ಒಪ್ಪುವುದು ‘ಐ ಹ್ಯಾವ್ ನಾಟ್ ಗಾಟ್ ಎನಿ ರಿಪ್ಲೈ’.

ವರ್ಷಗಟ್ಟಲೆ ಕಲಿಸಿದ ಮೇಲೆ ನನಗೆ ಖಾತ್ರಿಯಾದ ಸಂಗತಿ ಇದು: ಗೊಂದಲವಾದಾಗ ವಾಕ್ಯವನ್ನು ಕನ್ನಡದಲ್ಲಿ ಇಲ್ಲವಾಗಿಸಿ ನೋಡಬೇಕು. ಅಹುದೆನ್ನುವ ವಾಕ್ಯಗಳಲ್ಲಿ ಕನ್ನಡದ ರೂಪಗಳು ಒಂದರ ಜಾಗಕ್ಕೆ ಇನ್ನೊಂದು ಸಲೀಸಾಗಿ ಬರುತ್ತವೆ, ಇಲ್ಲವೆನ್ನುವಲ್ಲಿ ಬೇರೆ ಬೇರೆಯಾಗಿ ನಿಲ್ಲುತ್ತವೆ. ‘ಬರಲಿಲ್ಲ’ ಎಂದು ಬಂದರೆ ‘ಡಿಡ್ ನಾಟ್’. ‘ಬಂದಿಲ್ಲ’ ಎಂದಾದರೆ ‘ಹ್ಯಾಸ್ ನಾಟ್’. ‘ಬರುತ್ತಿಲ್ಲ’ ಎಂದಾದರೆ ‘ಈಸ್ ನಾಟ್ ಕಮಿಂಗ್’. ‘ಬರುವುದಿಲ್ಲ’ ಎಂದಾದರೆ ‘ಡಸ್ ನಾಟ್ ಕಮ್’ ಅಥವಾ ‘ವಿಲ್ ನಾಟ್ ಕಮ್’. ಈ ಕೊನೆಯದರಲ್ಲಿ ಮಾತ್ರ ಎರಡು ದಾರಿ ಉಳಿಯುತ್ತವೆ, ಅದಕ್ಕೆ ಆಮೇಲೆ ಬರುತ್ತೇನೆ.

ಇದೇ ಪರೀಕ್ಷೆಯನ್ನು ಮೊದಲ ವಾಕ್ಯಕ್ಕೆ ಹಚ್ಚಿ. ‘ನಿನ್ನೆ ರಿಪೋರ್ಟ್ ಕಳಿಸಿದ್ದೆ.’ ನಿನ್ನೆ ಕಳಿಸಿದಿರಾ ಎಂದು ಯಾರಾದರೂ ಕೇಳಿ, ನೀವು ಕಳಿಸದೇ ಇದ್ದಿದ್ದರೆ ಏನು ಹೇಳುತ್ತಿದ್ದಿರಿ? ‘ಇಲ್ಲ, ಕಳಿಸಲಿಲ್ಲ.’ ಅಂದರೆ ‘ಡಿಡ್ ನಾಟ್ ಸೆಂಡ್’. ಹಾಗಿದ್ದರೆ ಅಹುದೆನ್ನುವಾಗ ಸರಳವಾದ ‘ಐ ಸೆಂಟ್’ ಸಾಕು. ಕನ್ನಡದಲ್ಲಿ ‘ಕಳಿಸಿದ್ದೆ’, ‘ಹೋಗಿದ್ದೆ’, ‘ಹೇಳಿದ್ದೆ’ ಎಂಬ ರೂಪಗಳನ್ನು ನಾವು ಸುಮ್ಮನೆ ನಡೆದದ್ದನ್ನು ಹೇಳಲೂ ಧಾರಾಳವಾಗಿ ಬಳಸುತ್ತೇವೆ. ಇಂಗ್ಲಿಷಿನ ‘ಹ್ಯಾಡ್ ಸೆಂಟ್’ ಅಷ್ಟು ಧಾರಾಳಿ ಅಲ್ಲ. ಅದು ಬಂದ ಕೂಡಲೇ ಓದುವವರು ಇನ್ನೊಂದು ಘಟನೆಗಾಗಿ ಕಾಯುತ್ತಾರೆ: ಕಳಿಸಿಯಾಗಿತ್ತು, ಆಮೇಲೆ ಏನಾಯಿತು? ‘ಐ ಹ್ಯಾಡ್ ಸೆಂಟ್ ದ ರಿಪೋರ್ಟ್ ಬಿಫೋರ್ ಶಿ ಕಾಲ್ಡ್’ ಎಂದರೆ ಆ ನಿರೀಕ್ಷೆ ತುಂಬುತ್ತದೆ. ಹಿಂದಿನ ಎರಡು ಘಟನೆಗಳಿದ್ದು, ಎರಡನೆಯದರ ಹತ್ತಿರ ನಿಂತು ಇನ್ನೂ ಹಿಂದಿನದನ್ನು ತಿರುಗಿ ನೋಡುವಾಗ ಮಾತ್ರ ‘ಹ್ಯಾಡ್’. ಹ್ಯಾನ್ಸ್ ರೈಖೆನ್‌ಬಾಖ್ ಎಂಬ ತತ್ತ್ವಜ್ಞಾನಿ 1947ರಲ್ಲಿ ಇದನ್ನು ಮೂರು ಬಿಂದುಗಳಲ್ಲಿ ವಿವರಿಸಿದ: ಮಾತಾಡುವ ಗಳಿಗೆ, ಘಟನೆಯ ಗಳಿಗೆ, ಮತ್ತು ಎಲ್ಲಿ ನಿಂತು ನೋಡುತ್ತೇವೋ ಆ ಗಳಿಗೆ. ‘ಸೆಂಟ್’ ಎಂಬಲ್ಲಿ ನೋಡುವ ಗಳಿಗೆಯೂ ಘಟನೆಯ ಗಳಿಗೆಯೂ ಒಂದೇ. ‘ಹ್ಯಾವ್ ಸೆಂಟ್’ ಎಂಬಲ್ಲಿ ನೋಡುವುದು ಈಗಿನಿಂದ. ‘ಹ್ಯಾಡ್ ಸೆಂಟ್’ ಎಂಬಲ್ಲಿ ಮೂರೂ ಬೇರೆ ಬೇರೆ. ಟೆನ್ಸ್ ಬಗ್ಗೆ ನಾನು ಓದಿದ ವಿವರಣೆಗಳಲ್ಲಿ ಇಷ್ಟು ಕಡಿಮೆಯಲ್ಲಿ ಇಷ್ಟು ಬಗೆಹರಿಸುವುದು ಇನ್ನೊಂದಿಲ್ಲ.

‘ನಿನ್ನೆ’ ಎಂಬ ಪದದ ಬಗ್ಗೆಯೂ ಎಚ್ಚರವಿರಲಿ. ಕನ್ನಡದಲ್ಲಿ ‘ಅವರನ್ನು ನಿನ್ನೆ ನೋಡಿದ್ದೇನೆ’ ಎಂದರೆ ಯಾರಿಗೂ ಅಡ್ಡಿಯಿಲ್ಲ. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ನಡೆಯುವುದಿಲ್ಲ. ಯಾವಾಗ ಎಂಬ ಪ್ರಶ್ನೆಗೆ ವಾಕ್ಯದಲ್ಲೇ ಉತ್ತರವಿದ್ದರೆ, ಅಂದರೆ ನಿನ್ನೆ, ಹೋದ ವಾರ, ಎರಡು ಗಂಟೆಗೆ, 2015ರಲ್ಲಿ ಎಂದೆಲ್ಲ ಇದ್ದರೆ, ‘ಹ್ಯಾವ್’ ಬಿಟ್ಟು ಸಿಂಪಲ್ ಪಾಸ್ಟ್ ಹಾಕಿ. ಅಮೆರಿಕದವರು ‘ಐ ಆಲ್‌ರೆಡಿ ಏಟ್’ ಎನ್ನುವ ಕಡೆ ಬ್ರಿಟನ್ನಿನವರು ಹೆಚ್ಚಾಗಿ ‘ಐ ಹ್ಯಾವ್ ಆಲ್‌ರೆಡಿ ಈಟನ್’ ಎನ್ನುತ್ತಾರೆ. ಇಂಥ ಕಡೆ ಎರಡೂ ನಡೆಯುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಮೂರನೇ ವಾಕ್ಯ: ‘ಬೆಳಿಗ್ಗೆಯಿಂದ ಕಾಯುತ್ತಿದ್ದೇನೆ.’ ನಿಷೇಧದ ಪರೀಕ್ಷೆ ಇಲ್ಲಿ ಸಾಲದು ಎಂದು ಮುಂಚೆಯೇ ಹೇಳಿಬಿಡುತ್ತೇನೆ. ಕನ್ನಡಕ್ಕೆ ‘ಕಾಯುತ್ತಿದ್ದೇನೆ’ ಒಂದೇ ಸಾಕು, ಈಗಷ್ಟೇ ಶುರುವಾಗಿರಲಿ, ಬೆಳಿಗ್ಗೆಯಿಂದ ನಡೆದಿರಲಿ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ಈಗ ಏನು ನಡೆಯುತ್ತಿದೆ ಎಂದಷ್ಟೇ ಹೇಳುವಾಗ ‘ಐ ಆಮ್ ವೇಟಿಂಗ್’. ಯಾವಾಗಿನಿಂದ ಎಂದು ಸೇರಿಸಿದ ಕೂಡಲೇ ‘ಐ ಹ್ಯಾವ್ ಬೀನ್ ವೇಟಿಂಗ್’. ಕನ್ನಡದ ವಾಕ್ಯದಲ್ಲಿ ‘ಇಂದ’ ಕಾಣಿಸಿತೋ, ಕೆಲಸ ಇನ್ನೂ ನಡೆದೇ ಇದೆಯೋ, ಅಲ್ಲಿ ‘ಹ್ಯಾವ್’ ಬೇಕು. ‘ಐದು ವರ್ಷದಿಂದ ಇಲ್ಲಿದ್ದೇನೆ’ ಎನ್ನಲು ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಫೈವ್ ಇಯರ್ಸ್’. ಇದೇ ‘ಇಂದ’ ಇಂಗ್ಲಿಷಿನಲ್ಲಿ ಎರಡಾಗುತ್ತದೆ. ಶುರುವಾದ ಬಿಂದುವಿಗೆ ‘ಸಿನ್ಸ್’: ಬೆಳಿಗ್ಗೆಯಿಂದ, ಸೋಮವಾರದಿಂದ, 2019ರಿಂದ. ಅಳತೆಗೆ ‘ಫಾರ್’: ಮೂರು ತಾಸಿನಿಂದ, ಐದು ವರ್ಷದಿಂದ. ನೀವು ‘ಸಿನ್ಸ್’ ಸರಿಯಾಗಿಯೇ ಹಾಕಿದ್ದೀರಿ. ‘ಸಿನ್ಸ್ ದಿಸ್ ಮಾರ್ನಿಂಗ್’ ಎಂದರೆ ಇನ್ನೂ ಸ್ಪಷ್ಟ.

ಈ ‘ಇಂಗ್’ ರೂಪದ ಬಗ್ಗೆ ಇಲ್ಲೇ ಇನ್ನೊಂದು ಮಾತು. ನಮ್ಮಲ್ಲಿ ಬಹಳ ಜನ ಅದನ್ನು ಎಲ್ಲದಕ್ಕೂ ಅಂಟಿಸುತ್ತಾರೆ, ‘ಐ ಆಮ್ ನೋಯಿಂಗ್’, ‘ಐ ಆಮ್ ವಾಂಟಿಂಗ್’ ಎಂದು. ಇಲ್ಲಿಯೂ ಕನ್ನಡದ ಕಿವಿಯನ್ನೇ ನಂಬಿ. ‘ನನಗೆ ಗೊತ್ತು’, ‘ನನಗೆ ಬೇಕು’ ಎನ್ನುತ್ತೇವೆಯೇ ಹೊರತು ಅವಕ್ಕೆ ‘ಉತ್ತಿದ್ದೇನೆ’ ಸೇರಿಸಲು ಬರುವುದೇ ಇಲ್ಲ. ಗೊತ್ತಿರುವುದು, ಬೇಕಾಗಿರುವುದು ನಾವು ಮಾಡುವ ಕೆಲಸಗಳಲ್ಲ, ನಾವಿರುವ ಸ್ಥಿತಿಗಳು. ‘ನೋ’, ‘ವಾಂಟ್’, ‘ನೀಡ್’, ‘ಬಿಲಾಂಗ್’ ಇವುಗಳಿಗೆ ‘ಇಂಗ್’ ಸಾಮಾನ್ಯವಾಗಿ ಬೇಡ. ನನಗೆ ಇಬ್ಬರು ತಮ್ಮಂದಿರಿದ್ದಾರೆ ಎನ್ನಲು ‘ಐ ಹ್ಯಾವ್ ಟು ಬ್ರದರ್ಸ್’ ಸಾಕು.

ನಾಲ್ಕನೇ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ‘ಇಫ್ ಯು ವಿಲ್ ಸೆಂಡ್’ ಎಂದು ಬರೆದದ್ದು ಏಕೆ ಎಂದು ಊಹಿಸಬಲ್ಲೆ. ಅವರು ಕಳಿಸುವುದು ಇನ್ನು ಮುಂದೆ, ಆದ್ದರಿಂದ ‘ವಿಲ್’ ಬೇಕು ಎಂದು ಲೆಕ್ಕ ಹಾಕಿದಿರಿ. ಆದರೆ ‘ಕಳಿಸಿದರೆ’ ಎಂಬ ನಮ್ಮ ಪದವನ್ನು ಬಿಡಿಸಿ ನೋಡಿ, ಒಳಗಿರುವುದು ‘ಕಳಿಸಿದ’ ಎಂಬ ಭೂತಕಾಲದ ರೂಪ. ‘ನಾಳೆ ಮಳೆ ಬಂದರೆ’ ಎನ್ನುವಾಗಲೂ ಹಾಗೆಯೇ, ನಾಳೆಯ ಮಳೆಗೆ ‘ಬಂದ’. ಷರತ್ತಿನ ಭಾಗಕ್ಕೆ ಕನ್ನಡ ಭವಿಷ್ಯದ ರೂಪ ಕೊಡುವುದಿಲ್ಲ, ಇಂಗ್ಲಿಷೂ ಕೊಡುವುದಿಲ್ಲ, ಅದು ಪ್ರೆಸೆಂಟ್ ಇಡುತ್ತದೆ: ‘ಇಫ್ ಯು ಸೆಂಡ್’, ‘ಇಫ್ ಇಟ್ ರೇನ್ಸ್’. ‘ವೆನ್’ ಎಂದು ಶುರುವಾದರೂ ಇದೇ ನಿಯಮ: ‘ವೆನ್ ಯು ಕಮ್, ಐ ವಿಲ್ ಟೆಲ್ ಯು’.

ಎರಡನೆಯ ತಪ್ಪು ‘ಐ ಫಿನಿಶ್’. ಆಗಲೇ ಬಿಟ್ಟಿದ್ದ ಎರಡು ದಾರಿಯ ವಿಷಯ ಇಲ್ಲಿಗೆ ಬಂತು. ‘ದಿನಾ ಆರು ಗಂಟೆಗೆ ಏಳುತ್ತೇನೆ’ ಮತ್ತು ‘ನಾಳೆ ಐದಕ್ಕೇ ಏಳುತ್ತೇನೆ’: ಎರಡರಲ್ಲೂ ‘ಏಳುತ್ತೇನೆ’. ಪಠ್ಯಪುಸ್ತಕದಲ್ಲಿ ಭವಿಷ್ಯತ್ತಿಗೆಂದು ‘ಏಳುವೆನು’ ಇದೆ, ಮಾತಿನಲ್ಲಿ ಯಾರೂ ಅನ್ನುವುದಿಲ್ಲ. ಆದ್ದರಿಂದ ‘ಉತ್ತೇನೆ’ ಎಂದು ಕೊನೆಯಾಗುವ ಪ್ರತಿ ವಾಕ್ಯದಲ್ಲೂ ಒಂದು ಕ್ಷಣ ನಿಂತು ಕೇಳಿಕೊಳ್ಳಬೇಕು: ಇದು ರೂಢಿಯೋ, ಮುಂದೆ ಆಗುವುದೋ? ರೂಢಿಯಾದರೆ ‘ಐ ವೇಕ್ ಅಪ್ ಅಟ್ ಸಿಕ್ಸ್’. ಮುಂದಿನದಾದರೆ ‘ವಿಲ್’, ಇಲ್ಲವೇ ‘ಗೋಯಿಂಗ್ ಟು’. ಈ ಎರಡರ ನಡುವೆ ಇರುವ ವ್ಯತ್ಯಾಸ ಸೂಕ್ಷ್ಮ, ಆದರೆ ನಿಜ. ಫೋನ್ ರಿಂಗಾಯಿತು, ‘ಇರಿ, ನಾನು ತೆಗೀತೀನಿ’ ಎಂದಿರಿ, ಅದು ಆ ಗಳಿಗೆಯಲ್ಲಿ ಹುಟ್ಟಿದ ನಿರ್ಧಾರ: ‘ಐ ವಿಲ್ ಗೆಟ್ ಇಟ್’. ಮೊದಲೇ ಮನಸ್ಸು ಮಾಡಿಯಾಗಿದ್ದರೆ, ಅಥವಾ ಆಗುವುದರ ಕುರುಹು ಕಣ್ಣೆದುರಿಗೇ ಇದ್ದರೆ ‘ಗೋಯಿಂಗ್ ಟು’. ಮೋಡ ಕಪ್ಪಿಟ್ಟಿದೆ, ‘ಇಟ್ ಈಸ್ ಗೋಯಿಂಗ್ ಟು ರೇನ್’. ನೀವು ಮೇಲಿನಲ್ಲಿ ಮಾತು ಕೊಡುತ್ತಿದ್ದೀರಿ, ಅಲ್ಲಿಗೆ ‘ಐ ವಿಲ್ ಫಿನಿಶ್’ ಸರಿ.

ತಿದ್ದಿದ ಮೇಲ್ ಹೀಗಾಯಿತು: ‘ಐ ಸೆಂಟ್ ದ ರಿಪೋರ್ಟ್ ಯೆಸ್ಟರ್‌ಡೇ. ಐ ಹ್ಯಾವ್ ನಾಟ್ ಗಾಟ್ ಎನಿ ರಿಪ್ಲೈ. ಐ ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ದಿಸ್ ಮಾರ್ನಿಂಗ್. ಇಫ್ ಯು ಸೆಂಡ್ ದ ನಂಬರ್ಸ್, ಐ ವಿಲ್ ಫಿನಿಶ್ ಇಟ್ ಟುಡೇ.’

ಇನ್ನು ರೂಪಗಳನ್ನು ನೆನಪಿಡುವ ವಿಷಯ. ಪ್ರೆಸೆಂಟ್‌ನಲ್ಲಿ ಇರುವುದು ಒಂದೇ ತೊಡಕು, ‘ಹಿ’, ‘ಶಿ’, ‘ಇಟ್’ ಬಂದಾಗ ಸೇರುವ ‘ಸ್’. ಬರುತ್ತೇನೆ, ಬರುತ್ತೀಯ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ ಎಂದು ಆಳಿಗೊಂದು ರೂಪ ನಿಭಾಯಿಸುವ ನಮಗೆ ಅದು ಭಾರವೇ ಅಲ್ಲ. ಚಿಕ್ಕದಾದ್ದರಿಂದ ಮರೆತುಹೋಗುತ್ತದೆ, ಬರೆದಾದ ಮೇಲೆ ಅದೊಂದನ್ನೇ ಹುಡುಕುತ್ತ ಮತ್ತೊಮ್ಮೆ ಓದಿ.

ಪಾಸ್ಟ್‌ನಲ್ಲಿ ಹೆಚ್ಚಿನ ಕ್ರಿಯಾಪದಗಳಿಗೆ ‘ಎಡ್’ ಸೇರುತ್ತದೆ. ಬರವಣಿಗೆಯಲ್ಲಿ ಒಂದೇ ಆದರೂ ಉಚ್ಚಾರದಲ್ಲಿ ಮೂರು: ‘ವಾಕ್ಡ್’ ಕೊನೆಗೆ ‘ಟ್’ ಎಂದು ಕೇಳಿಸುತ್ತದೆ, ‘ಕಾಲ್ಡ್’ ಕೊನೆಗೆ ‘ಡ್’, ‘ವಾಂಟೆಡ್’ ಕೊನೆಗೆ ‘ಇಡ್’. ಉಳಿದಂತೆ ಇನ್ನೂರರ ಆಸುಪಾಸು ಕ್ರಿಯಾಪದಗಳು ತಮ್ಮದೇ ದಾರಿ ಹಿಡಿದಿವೆ. ಪಟ್ಟಿ ನೋಡಿ ಕಂಗಾಲಾಗಬೇಡಿ. ‘ಮಾಡು, ಮಾಡಿದ’ ಎಂಬ ಸರಳ ದಾರಿ ಬಿಟ್ಟು ಕೊಡು ಕೊಟ್ಟ, ತಿನ್ನು ತಿಂದ, ಬೀಳು ಬಿದ್ದ, ಬಾ ಬಂದ ಎಂದು ಹೋಗುವ ಕ್ರಿಯಾಪದಗಳು ನಮ್ಮಲ್ಲೂ ಬೇಕಾದಷ್ಟಿವೆ, ಅವನ್ನು ಯಾರೂ ಪಟ್ಟಿ ಹಿಡಿದು ಕಲಿಯಲಿಲ್ಲ. ದಿನಕ್ಕೆ ನೂರು ಸಲ ಬಾಯಲ್ಲಿ ಬರುವ ಪದಗಳು ವಕ್ರವಾಗಿಯೇ ಉಳಿಯುತ್ತವೆ, ಅಪರೂಪಕ್ಕೆ ಬರುವವು ನೇರವಾಗುತ್ತ ಹೋಗುತ್ತವೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಳೆಯ ಇಂಗ್ಲಿಷಿನ 177 ಅನಿಯತ ಕ್ರಿಯಾಪದಗಳ ಜಾಡು ಹಿಡಿದು ನೋಡಿತು. ಇಂದಿಗೂ ಅನಿಯತವಾಗಿ ಉಳಿದದ್ದು 98. ಇಂದಿನ ‘ಹೆಲ್ಪ್ಡ್’ ಎಂಬುದಕ್ಕೆ ಹಿಂದೆ ‘ಹೋಲ್ಪ್’ ಎನ್ನುತ್ತಿದ್ದರು. ‘ಬಿ’, ‘ಹ್ಯಾವ್’, ‘ಡು’, ‘ಸೇ’, ‘ಗೋ’ ಮುಂತಾಗಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಹತ್ತು ಕ್ರಿಯಾಪದಗಳೂ ಅನಿಯತವೇ. ಅಂದರೆ ನೀವು ಕಲಿಯಬೇಕಾದವು ನಿಮಗೆ ದಿನವೂ ಎದುರಾಗುವಂಥವೇ. ಅಕಾರಾದಿಯಾಗಿ ಕಲಿಯದೆ ನಾದದ ಪ್ರಕಾರ ಗುಂಪು ಮಾಡಿಕೊಳ್ಳಿ. ‘ಸಿಂಗ್, ಸ್ಯಾಂಗ್, ಸಂಗ್’ ಜೊತೆಗೆ ‘ಡ್ರಿಂಕ್, ಡ್ರ್ಯಾಂಕ್, ಡ್ರಂಕ್’. ‘ಬ್ರಾಟ್, ಬಾಟ್, ಥಾಟ್, ಕಾಟ್, ಟಾಟ್’ ಒಂದು ಕಡೆ. ‘ಪುಟ್, ಕಟ್, ಹಿಟ್, ಶಟ್’ ಬದಲಾಗುವುದೇ ಇಲ್ಲ.

ಯಾವುದು ಮೊದಲು ಎಂದು ಕೇಳಿದಿರಿ. ಸಿಂಪಲ್ ಪ್ರೆಸೆಂಟ್ ಮತ್ತು ಸಿಂಪಲ್ ಪಾಸ್ಟ್, ‘ಡು’ ಮತ್ತು ‘ಡಿಡ್’ ಸಮೇತ. ಇಂಗ್ಲಿಷ್ ಬರಹ, ಮಾತುಗಳನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಹಾಕಿ ಎಣಿಸಿದವರಿಗೆ ಕಂಡದ್ದು, ಹತ್ತರಲ್ಲಿ ಸುಮಾರು ಒಂಬತ್ತು ಕ್ರಿಯಾಪದಗಳು ‘ಇಂಗ್’ ಇಲ್ಲದ, ‘ಹ್ಯಾವ್’ ಇಲ್ಲದ ಸಾದಾ ರೂಪದವು. ಆಮೇಲೆ ‘ಆಮ್, ಈಸ್, ಆರ್’ ಜೊತೆಗಿನ ‘ಇಂಗ್’, ಆಮೇಲೆ ‘ವಿಲ್’ ಮತ್ತು ‘ಗೋಯಿಂಗ್ ಟು’, ಆಮೇಲೆ ಪ್ರೆಸೆಂಟ್ ಪರ್ಫೆಕ್ಟ್. ‘ಹ್ಯಾಡ್’ ಕೊನೆಗಿರಲಿ. ಪಟ್ಟಿಯ ಮೂಲೆಯಲ್ಲಿ ಕೂತಿರುವ ‘ವಿಲ್ ಹ್ಯಾವ್ ಬೀನ್ ಗೋಯಿಂಗ್’ ನಿಮಗೆ ವರ್ಷಕ್ಕೊಮ್ಮೆ ಬೇಕಾದರೆ ಹೆಚ್ಚು. ಓದುವಾಗ ಸಿಕ್ಕರೆ ಅರ್ಥವಾದರೆ ಸಾಕು.

ಅಭ್ಯಾಸಕ್ಕೆ ಬೇರೆ ಪುಸ್ತಕ ಕೊಳ್ಳಬೇಕಾಗಿಲ್ಲ. ನೀವು ಕಳಿಸಿದ ಹಳೆಯ ಮೇಲ್‌ಗಳಿವೆಯಲ್ಲ, ದಿನಕ್ಕೊಂದನ್ನು ತೆಗೆಯಿರಿ. ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಹಾಕಿ, ಪಕ್ಕದಲ್ಲಿ ಅದರ ಕನ್ನಡದ ನಿಷೇಧರೂಪ ಬರೆಯಿರಿ: ‘ಲಿಲ್ಲ’ವೋ, ‘ಬಂದಿಲ್ಲ’ದ ಬಗೆಯೋ, ‘ಉತ್ತಿಲ್ಲ’ವೋ, ‘ವುದಿಲ್ಲ’ವೋ. ವಾಕ್ಯದಲ್ಲಿ ‘ಇಂದ’ ಇದ್ದರೆ ಅದಕ್ಕೊಂದು ಸುತ್ತು ಹಾಕಿ. ನಾನು ಕಲಿಸಿದವರಲ್ಲಿ ಹೆಚ್ಚಿನವರು ಮೂರ್ನಾಲ್ಕು ವಾರದಲ್ಲಿ ಗೆರೆ ಹಾಕುವ ಮುಂಚೆಯೇ ತಪ್ಪನ್ನು ಗುರುತಿಸತೊಡಗಿದರು. ಮೊದಲು ತೆಗೆಯಬೇಕಾದ್ದು ಮೊನ್ನೆಯ ಈ ಮೇಲನ್ನೇ. ಮೇಲೆ ತಿದ್ದಿ ಕೊಟ್ಟದ್ದನ್ನು ನೋಡದೆ, ನಾಳೆ ಬೆಳಿಗ್ಗೆ ನೀವೇ ಒಮ್ಮೆ ತಿದ್ದಿ.